ಹಗಲು ಹೊತ್ತಿನ ಗಂಡಸು

ಶಿವಯೋಗೀಶನ ಕೆಲಸ ಹೋಯಿತು ಅನ್ನುವುದು ಅಷ್ಟು ಸರಿಯಲ್ಲ. ಕೆಲಸವೇ ಎದ್ದು ಬೇರೆ ರಾಜ್ಯಕ್ಕೆ ಹೋಯಿತು, ಶಿವಯೋಗೀಶ ಇಲ್ಲೇ ಉಳಿದ. ಗೋಕುಲ ರಸ್ತೆಯ ಕಡೆ ಪಂಪಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆ, ಅದರ ಸ್ಟೋರಿಗೆ ಇವನು ಇನ್‌ಚಾರ್ಜ್. ಮಾಲೀಕರ ಮಗ ಬಂದ, ಸುತ್ತ ಒಂದು ಸಲ ನೋಡಿದ, ಮಷೀನುಗಳನ್ನೆಲ್ಲ ಲಾರಿಗೆ ಏರಿಸಿದ. ಬರುವವರು ಬರಬಹುದು ಎಂದೂ ಹೇಳಿದ. ಮಗಳು ಐಶ್ವರ್ಯಾ ಧಾರವಾಡದಲ್ಲಿ ಡಿಗ್ರಿ ಓದುತ್ತಿರುವಾಗ, ಗೋಪನಕೊಪ್ಪದಲ್ಲಿ ಸ್ವಂತ ಮನೆ ಇರುವಾಗ, ಐವತ್ತರ ಹತ್ತಿರ ಬಂದವನು ಗೊತ್ತಿಲ್ಲದ ಭಾಷೆಯ ಊರಿಗೆ ಏಕೆ ಹೋದಾನು? ಕೊಡಬೇಕಾದ್ದನ್ನು ಕೊಟ್ಟರು, ಶಾಲು ಹೊದಿಸಿದರು, ಕೈ ಮುಗಿದರು. ಅಲ್ಲಿಗೆ ಮುಗಿಯಿತು.

ಹೊಟ್ಟೆಪಾಡಿನ ಚಿಂತೆ ಸದ್ಯಕ್ಕೆ ಇರಲಿಲ್ಲ. ಇನ್ನೊಂದು ಕೆಲಸ ಇವತ್ತಲ್ಲ ನಾಳೆ ಸಿಗುತ್ತದೆ ಎಂಬ ಧೈರ್ಯವೂ ಇತ್ತು. ನಾಲ್ಕು ಕಡೆ ಹೇಳಿಟ್ಟಿದ್ದ, ನಾಲ್ಕೂ ಕಡೆಯವರು ‘ನೋಡೂಣ್ರಿ’ ಅಂದಿದ್ದರು. ಅಡಚಣೆ ಇದ್ದದ್ದು ಬೇರೆ ಕಡೆ. ಬೆಳಿಗ್ಗೆ ಎದ್ದರೆ ಇಡೀ ದಿನ ಎದುರಿಗೆ ಬಂದು ಕೂತುಬಿಡುತ್ತಿತ್ತು, ಹೇಳದೆ ಬಂದ ಬೀಗರ ಹಾಗೆ. ಅದನ್ನು ಮಾತಾಡಿಸಬೇಕು, ಉಪಚರಿಸಬೇಕು. ಅದಕ್ಕೋ, ಏಳುವ ಮನಸ್ಸೇ ಇಲ್ಲ.

ಮೊದಮೊದಲು ಮಜಾ ಅನ್ನಿಸಿತು. ವರ್ಷಗಟ್ಟಲೆ ನಿದ್ದೆ ಬಾಕಿ ಇತ್ತು, ತೀರಿಸಿದ. ಲಿಂಗಪೂಜೆ ಹಿಂದೆಲ್ಲ ಬಸ್ಸು ತಪ್ಪೀತು ಎಂಬ ಅವಸರದಲ್ಲಿ ಆಗಿಹೋಗುತ್ತಿತ್ತು. ಈಗ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕಣ್ಣು ಮುಚ್ಚಿ ಕೂತರೆ ಒಲೆಯ ಮೇಲಿನ ಉಪ್ಪಿಟ್ಟು ಆರಿ ಗಟ್ಟಿಯಾದರೂ ಏಳುತ್ತಿರಲಿಲ್ಲ.

“ಇಷ್ಟೊತ್ತು ಹಿಡಕೊಂಡು ಕುಂತರ ಶಿವಗೂ ಬ್ಯಾಸರ ಬರತೈತ್ರಿ” ಎಂದು ಹೆಂಡತಿ ಸೌಮ್ಯಾ ಅಡಿಗೆಮನೆಯಿಂದಲೇ ಕೂಗುತ್ತಿದ್ದಳು.

ಆಮೇಲೆ ರಿಪೇರಿಯ ಕಾಲ ಬಂತು. ಸೋರುವ ನಳ ನಿಂತಿತು, ಕಿರುಗುಟ್ಟುವ ಬಾಗಿಲು ಸುಮ್ಮನಾಯಿತು, ಮಿಕ್ಸರಿನ ಮುಚ್ಚಳಕ್ಕೆ ಹೊಸ ರಬ್ಬರು ಬಂತು. ಕೆಟ್ಟದ್ದೆಲ್ಲ ಮುಗಿದ ಮೇಲೆ ಕೆಡದೆ ಇದ್ದದ್ದಕ್ಕೂ ಕೈಹಾಕಿದ. ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಸ್ಟೋರಿನ ಪದ್ಧತಿಯಂತೆ ಜೋಡಿಸಿ ಚೀಟಿ ಅಂಟಿಸಿದ. ಆವತ್ತು ಸೌಮ್ಯಾ ಸಾರಿನ ಒಗ್ಗರಣೆಗೆ ಇಟ್ಟು ಜೀರಿಗೆ ಹುಡುಕುವಷ್ಟರಲ್ಲಿ ಎಣ್ಣೆ ಹೊಗೆ ಎದ್ದಿತ್ತು. ಮರುದಿನ ಡಬ್ಬಿಗಳು ತಾವಾಗಿಯೇ ನಡೆದು ಬಂದಂತೆ ಹಳೆಯ ಜಾಗಗಳಿಗೆ ಬಂದು ಕೂತಿದ್ದವು.

ಹೀಗೆ ಮನೆಯಲ್ಲಿ ಮಾಡಲಿಕ್ಕೆ ಏನೂ ಉಳಿಯದೆ ಹೋದಾಗ ಶಿವಯೋಗೀಶ ಪಡಸಾಲೆಯಲ್ಲಿ ಖುರ್ಚಿ ಹಾಕಿಕೊಂಡು ಪೇಪರು ಹಿಡಿದು ಕೂತ. ಕೂತದ್ದೇ ತಪ್ಪಾಯಿತು.

ಆ ಮನೆಗೆ ಮಧ್ಯಾಹ್ನ ಒಂದು ಬೇರೆಯೇ ಸಂಸಾರ ಇತ್ತು, ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಏನು, ಹೆಂಗಸರು ಬಂದು ಕೌದಿ ಹೊಲಿಯುತ್ತಾರೆ ಎಂಬಷ್ಟು ಗೊತ್ತಿತ್ತು, ಕಂಡಿರಲಿಲ್ಲ. ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಓಣಿಯ ಹೆಂಗಸರು ಸೌಮ್ಯಾಳ ಪಡಸಾಲೆಗೆ ಬರುತ್ತಿದ್ದರು. ಇಡೀ ಓಣಿಯಲ್ಲಿ ಮಂಚ, ಸೋಫಾ ಇಲ್ಲದ ಅಗಲವಾದ ಪಡಸಾಲೆ ಅದೊಂದೇ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ಬಟ್ಟೆತುಂಡುಗಳ ತ್ಯಾಪೆ ಹಚ್ಚಿ, ಸುತ್ತ ನಾಲ್ಕೂ ಕಡೆ ಕೂತು, ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಹೊಲಿಯುತ್ತ ಬರುವ ಕೆಲಸ. ಕೈ ಹೊಲಿಯುತ್ತಿತ್ತು, ಬಾಯಿ ಬಿಚ್ಚುತ್ತಿತ್ತು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಸೌಮ್ಯಾಳಿಗೆ ತನ್ನದು ಅಂತ ಇದ್ದ ಹೊತ್ತು ಅದೇ.

ಈ ಸಲದ ಕೌದಿ ಎದುರು ಮನೆಯ ಶರೀಫಾಬಿಯ ಮಗಳಿಗೆ. ಚೊಚ್ಚಲ ಹೆರಿಗೆ, ತವರಿಗೆ ಬಂದಿದ್ದಳು. ಹುಟ್ಟುವ ಕೂಸನ್ನು ಮಲಗಿಸಲಿಕ್ಕೆ ಮೆತ್ತನೆಯ ಕೌದಿ ಬೇಕು, ಅದು ಕೂಸು ಬರುವುದಕ್ಕೆ ಮೊದಲೇ ಮುಗಿಯಬೇಕು. ಸೌಮ್ಯಾ ತೀರಿಹೋದ ತನ್ನ ತಾಯಿಯ ಇಳಕಲ್ ಸೀರೆಯನ್ನೇ ಒಳಪದರಕ್ಕೆ ಕೊಟ್ಟಿದ್ದಳು. ಉಟ್ಟು ಉಟ್ಟು ಬೆಣ್ಣೆಯಾಗಿದ್ದ ಸೀರೆ ಅದು.

ಶಿವಯೋಗೀಶ ಖುರ್ಚಿ ಹಾಕಿಕೊಂಡ ದಿನ, ಓಣಿಯ ದುರಗವ್ವ ವಾಡಿಕೆಯಂತೆ ಹೊಸ್ತಿಲ ಹೊರಗಿನಿಂದಲೇ ಸೊಸೆಯನ್ನು ಬೈಯುತ್ತ ಒಳಗೆ ಕಾಲಿಟ್ಟಳು. ಬನಿಯನ್ನಿನಲ್ಲಿ ಕೂತ ಗಂಡಸನ್ನು ಕಂಡಳು, ಬೈಗುಳದ ಉಳಿದರ್ಧ ನುಂಗಿದಳು, ಸೆರಗು ತಲೆಗೆ ಎಳೆದಳು. ದುರಗವ್ವ ಹಿರಿಯ ಜೀವ, ಹೊಲಮನೆ ಮಾಡಿ ಬಂದವಳು, ಮಾತಿಗೆ ಹಿಂದೆಮುಂದೆ ನೋಡುವವಳಲ್ಲ. ಅಂಥವಳೂ ಮೆತ್ತಗಾದಳು.

“ಅಯ್ಯ, ತಮ್ಮ ಮನ್ಯಾಗದಾನ? ಹಂಗಾರ ಆಮ್ಯಾಲೆ ಬರತೇವಿ ತಗೋ.”

“ಬರ್ರಿ ಯವ್ವಾ, ಬರ್ರಿ. ನನ್ನ ಸಂಬಂಧ ಸಂಕೋಚ ಮಾಡಬ್ಯಾಡ್ರಿ. ನಾ ಏನೂ ಅನ್ನಂಗಿಲ್ಲ” ಅಂದ ಶಿವಯೋಗೀಶ.

ಮನಸ್ಸು ಒಳ್ಳೆಯದೇ. ಆದರೆ ಸಂಕೋಚ ಬೇಡ ಎಂದು ತೋರಿಸಲಿಕ್ಕೆ ಅಲ್ಲೇ ಕೂತುಬಿಟ್ಟನಲ್ಲ! ಒಂದು ಕೌದಿಗೆ ಎಷ್ಟು ದಾರ ಹಿಡಿಯುತ್ತದೆ ಎಂದು ಕೇಳಿದ. ಮಷೀನಿನ ಮೇಲೆ ಹಾಕಿದರೆ ಲಗೂ ಆಗುವುದಿಲ್ಲವೇ ಎಂದ. ಶರೀಫಾಬಿ ಕಣ್ಣು ಎತ್ತದೆ “ಹೌದ್ರಿ ಅಣ್ಣಾರ, ಇಲ್ರಿ ಅಣ್ಣಾರ” ಎನ್ನುತ್ತಿದ್ದಳು. ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಹೆಂಗಸರು ತಲೆ ತಗ್ಗಿಸಿ ಹೊಲಿದರು. ಇಷ್ಟು ಸಾಲದೆಂದು ಶಿವಯೋಗೀಶ ಅಡಿಗೆಮನೆಗೆ ಹೋಗಿ ತಾನೇ ಚಹಾ ಕುದಿಸಿ, ತಾಟಿನಲ್ಲಿ ಕಪ್ಪು ಇಟ್ಟುಕೊಂಡು ಬಂದ. ಮನೆಯ ಯಜಮಾನ ಚಹಾ ತರುವುದೆಂದರೇನು! ಸೂಜಿ ಕೈಯಲ್ಲಿ ಹಿಡಿದವರು ಹಿಡಿದಂತೆಯೇ ಎದ್ದು ನಿಂತರು. ದುರಗವ್ವ ಸುಡುಸುಡು ಚಹಾವನ್ನು ನಿಂತೇ ಗಟಗಟ ಕುಡಿದು, ಮನೆಯಲ್ಲಿ ಕೆಲಸ ಇದೆ ಎಂದು ಹೊರಟೇಹೋದಳು. ಸೌಮ್ಯಾಳ ಮುಖ ಕೆಂಪಾಗಿತ್ತು.

ಎಲ್ಲರೂ ಹೋದ ಮೇಲೆ ಶಿವಯೋಗೀಶ, “ನೋಡು, ನಮ್ಮ ಓಣಿ ಮಂದಿ ಎಷ್ಟ ಛಲೋ ಅದಾರ. ಇಷ್ಟ ದಿವಸ ಗೊತ್ತ ಇರಲಿಲ್ಲ ನನಗ” ಎಂದ.

ಸೌಮ್ಯಾ ಕಪ್ಪು ತೊಳೆಯುತ್ತಿದ್ದಳು. ಅಷ್ಟು ಸಪ್ಪಳ ಮಾಡಿ ತೊಳೆಯುವಂಥದ್ದೇನೂ ಆ ಕಪ್ಪುಗಳಲ್ಲಿ ಇರಲಿಲ್ಲ.

ಆದರೂ ಅವರು ಬಂದರು. ಕೌದಿ ಹಾಸಿ ಆಗಿತ್ತಲ್ಲ, ಬರಲೇಬೇಕಿತ್ತು. ಹೊಸದಾಗಿ ಹಾಸಿದ ಕೌದಿಯನ್ನು ಒಳಸುತ್ತಿನ ಹೊಲಿಗೆ ಬೀಳುವವರೆಗೆ ಎತ್ತುವಂತಿಲ್ಲ. ಎತ್ತಿದರೆ ಒಳಗಿನ ಪದರಗಳು ಒಂದೊಂದು ಒಂದೊಂದು ದಿಕ್ಕಿಗೆ ಸರಿಯುತ್ತವೆ, ಗಂಟುಗಂಟಾಗುತ್ತದೆ. ಅದಕ್ಕೇ ನಾಲ್ಕು ಮೂಲೆಗೆ ಹಿಟ್ಟಿನ ಡಬ್ಬಿಯೋ ತಂಬಿಗೆಯೋ ಭಾರ ಇಟ್ಟು, ಕೆಲವು ದಿನ ಅದನ್ನು ದಾಟಿಕೊಂಡೇ ಅಡ್ಡಾಡುತ್ತಾರೆ. ಇದನ್ನು ಆ ಕಡೆಯ ಯಾವ ಹೆಣ್ಣುಮಗಳಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಗಂಡಸರಿಗೆ ಹೇಳಬೇಕು ಅನ್ನುವುದು ಯಾರಿಗೂ ಹೊಳೆದಿರಲಿಲ್ಲ.

ಆ ವಾರ ಸೌಮ್ಯಾ ಅಕ್ಕನ ಬಸುರಿ ಸೊಸೆಯ ಕುಬಸಕ್ಕೆಂದು ಮುಗದ ಹಳ್ಳಿಗೆ ಹೋದಳು. ಮಗಳು ಕಾಲೇಜಿಗೆ ಹೋದಳು. ಮನೆಯಲ್ಲಿ ಶಿವಯೋಗೀಶ, ಎದುರಿಗೆ ಇಡೀ ದಿನ. ಪಡಸಾಲೆ ನೋಡಿದ. ಸ್ಟೋರಿನಲ್ಲಿ ಬಾಳಿದ ಮನುಷ್ಯ. ನೆಲದ ಮೇಲೆ ಬಿದ್ದ ಮಾಲು ಕಂಡರೆ ಅವನಿಗೆ ಸಮಾಧಾನ ಇರುವುದಿಲ್ಲ. ಹಿಟ್ಟಿನ ಡಬ್ಬಿಗಳನ್ನು ಅಡಿಗೆಮನೆಯಲ್ಲಿ ಇಟ್ಟುಬಂದ. ಕೌದಿಯನ್ನು ಎತ್ತಿ, ಝಾಡಿಸಿ, ಮೂಲೆಗೆ ಮೂಲೆ ಹೊಂದಿಸಿ ಮಡಿಚಿ, ಸುತಳಿ ದಾರದಿಂದ ಬಿಗಿಯಾಗಿ ಕಟ್ಟಿ ಕಪಾಟಿನ ಮೇಲೆ ಏರಿಸಿದ. ಫಿನಾಯಿಲ್ ಹಾಕಿ ನೆಲ ಒರೆಸಿದ. ಎರಡು ಸಲ ಒರೆಸಿದ. ಕೆಲಸ ಬಿಟ್ಟ ಮೇಲೆ ಅಷ್ಟು ತೃಪ್ತಿಯಿಂದ ಕಳೆದ ದಿನ ಇನ್ನೊಂದಿರಲಿಲ್ಲ.

ಸಂಜೆ ಸೌಮ್ಯಾ ಬಂದು ಹೊಸ್ತಿಲಲ್ಲೇ ನಿಂತಳು.

“ಕೌದಿ ಯಾರು ಎತ್ತಿದ್ರು?”

“ನಾನ. ನೆಲಾ ನೋಡು, ಹ್ಯಾಂಗ ಹೊಳಿಯಾಕತ್ತೈತಿ!”

ಸೌಮ್ಯಾ ಚೀಲ ಕೆಳಗೆ ಇಟ್ಟು, ಹೊಳೆಯುವ ಆ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ನಿಧಾನವಾಗಿ, ಸಣ್ಣ ಮಕ್ಕಳಿಗೆ ಹೇಳುವಂತೆ, ಪದರಗಳ ಸಂಗತಿ ಹೇಳಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ.

ಮರುದಿನ ಹೆಂಗಸರು ಬಂದು, ಕೌದಿ ಬಿಚ್ಚಿ ನೋಡಿ, ಹಾಕಿದ ಹೊಲಿಗೆಯನ್ನೆಲ್ಲ ಒಂದೊಂದಾಗಿ ಕಿತ್ತರು. “ಹೋಗ್ಲಿ ಬಿಡ್ರಿ ಅಣ್ಣಾರ, ನಿಮಗ ಹ್ಯಾಂಗ ಗೊತ್ತಾಗಬೇಕು?” ಎಂದು ಶರೀಫಾಬಿ ನಕ್ಕಳು ಕೂಡ. ಕಿತ್ತು ಮುಗಿದ ಮೇಲೆ ಪದರಗಳನ್ನೆಲ್ಲ ಬೇರೆ ಬೇರೆ ಮಡಿಚಿಕೊಂಡು, “ನಾಳಿಂದ ನಮ್ಮ ಮನ್ಯಾಗ ಹಾಸತೇವ್ರಿ, ನಿಮಗೂ ತ್ರಾಸ” ಎಂದು ತೆಗೆದುಕೊಂಡು ಹೋದಳು.

ಅಲ್ಲಿಂದ ಆ ಮನೆಯಲ್ಲಿ ಮಧ್ಯಾಹ್ನ ಎಂಬುದು ಸುಮ್ಮನೆ ಬಿಸಿಲಾಗಿ ಉಳಿಯಿತು. ಶಿವಯೋಗೀಶ ಖುರ್ಚಿಯಲ್ಲಿ, ಸೌಮ್ಯಾ ಅಡಿಗೆಮನೆಯಲ್ಲಿ. ಅವನು ಚಹಾ ಕೇಳಿದರೆ ಚಹಾ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಅನ್ನ ಒಮ್ಮೆ ಸೀದುಹೋಯಿತು. ಐಶ್ವರ್ಯಾ ದುಪಟ್ಟಾ ಎಲ್ಲಿ ಎಂದು ಕೇಳಿದ್ದಕ್ಕೆ ಬೈಸಿಕೊಂಡು ಅತ್ತಳು. ಇದೆಲ್ಲ ತನ್ನ ಕೆಲಸದ ಚಿಂತೆಗೇ ಎಂದು ಶಿವಯೋಗೀಶ ತಿಳಿದುಕೊಂಡ. ಗಂಡಸರು ಎಲ್ಲವೂ ತಮ್ಮ ಕೆಲಸದ ಸುತ್ತಲೇ ತಿರುಗುತ್ತದೆ ಎಂದುಕೊಂಡಿರುತ್ತಾರೆ, ಕೆಲಸ ಇಲ್ಲದಾಗಲೂ.

“ಕೆಲಸ ಸಿಗತೈತಿ, ಚಿಂತಿ ಮಾಡಬ್ಯಾಡ” ಎಂದ.

“ನಿಮ್ಮ ಕೆಲಸದ ಚಿಂತಿ ನನಗಿಲ್ಲರಿ.”

“ಮತ್ತ?”

“ಏನಿಲ್ಲ.”

“ಬೇಕಾರ ಶರೀಫಾಬಿ ಅವರ ಮನಿಗೆ ಹೋಗಿ ಹೊಲಿ. ನಾ ಬ್ಯಾಡ ಅಂದೇನೇನು?”

“ಚಂದ ಹೇಳ್ತೀರಿ. ನೀವು ಮನ್ಯಾಗ ಒಬ್ಬರ ಕುಂತಿರತೀರಿ, ನಾ ಮಂದಿ ಮನ್ಯಾಗ ಹೋಗಿ ನಕ್ಕೋತ ಕುಂದ್ರಲಿ? ಗಂಡನ ಕೆಲಸ ಹೋದದ್ದಕ್ಕ ಇಕಿ ಓಣಿ ಹಿಡದ್ಲು ಅಂತಾರ.”

ಶಿವಯೋಗೀಶ ಮತ್ತೆ ಪೇಪರು ಎತ್ತಿಕೊಂಡ. ಅದರ ಟೆಂಡರು ಜಾಹೀರಾತುಗಳನ್ನೂ ಓದಿ ಮುಗಿಸಿದ್ದ.

ಉತ್ತರ ಸಿಕ್ಕದ್ದು ಹಿಟ್ಟಿನ ಗಿರಣಿಯಲ್ಲಿ. ಜೋಳ ಬೀಸಿಸಲಿಕ್ಕೆ ಹೋಗಿದ್ದ. ಅದೂ ಈಗ ಅವನದೇ ಕೆಲಸ. ಅಲ್ಲಿ ದುರಗವ್ವ ತನ್ನ ಪಾಳಿ ಕಾಯುತ್ತ ಕೂತಿದ್ದಳು. ಮನೆಯ ಹೊರಗೆ ಸಿಕ್ಕಿದ್ದನಲ್ಲ, ಅವಳಿಗೆ ಬಾಯಿ ಬಂತು.

“ತಮ್ಮಾ, ಒಂದ ಮಾತ ಹೇಳತೇನಿ, ಸಿಟ್ಟ ಮಾಡ್ಕೋಬ್ಯಾಡ. ನಿನಗ ಹೊರಗ ಏನೂ ಉದ್ಯೋಗ ಇಲ್ಲೇನು?”

“ನೋಡಾಕತ್ತೇನ್ರಿ ಯವ್ವಾ. ನಾಕು ಕಡೆ ಹೇಳೇನಿ…”

“ಆ ಉದ್ಯೋಗ ಅಲ್ಲೋ. ಹೊರಗ ಹೋಗೂ ಉದ್ಯೋಗ. ಗುಡಿ, ಚಾದಂಗಡಿ, ಕಟ್ಟಿ, ಗಂಡಸೂರು ಹೋಗೂ ಜಾಗಾ ಊರಾಗ ಸುಟ್ಟು ಹೋಗ್ಯಾವೇನು? ಶರೀಫಾಬಿ ಮಗಳಿಗೆ ದಿವಸ ತುಂಬಾಕ ಬಂದಾವು. ಅವರ ಮನ್ಯಾಗ ಕೌದಿ ಹಾಸಾಕ ಜಾಗಾ ಇಲ್ಲ. ಮಂಚದ ಮ್ಯಾಲ ಹಾಸಿದ್ರ ನೆಟ್ಟಗ ಕುಂದ್ರಂಗಿಲ್ಲ, ಕೆಳಗ ಹಾಸಿದ್ರ ಹಾದು ಹೋಗವರ ಕಾಲಾಗ ಸಿಗತೈತಿ. ಕಿತ್ತ ಪದರ ಹಂಗ ಬಿದ್ದಾವು. ಇನ್ನ ಆ ಕೂಸಿನ್ನ ಯಾತರ ಮ್ಯಾಲ ಮಲಗಸೂದು? ನಿಮ್ಮ ಮನ್ಯಾಗ ಜಾಗಾ ಐತಿ, ಅಲ್ಲಿ ನೀ ಕುಂತಿ.”

“ನಾ ಏನೂ ಅನ್ನಂಗಿಲ್ಲಲ್ರಿ!”

“ನೀ ಅನ್ನಂಗಿಲ್ಲ ಖರೇ. ನಾವೂ ಅನ್ನಂಗಿಲ್ಲ. ಅದ ತ್ರಾಸ ಆಗೈತಿ. ನಾವು ಅಲ್ಲಿ ಏನರ ಅನ್ನಾಕ ಬರತಿದ್ವಿ. ಅತ್ತಿ ಸುದ್ದಿ, ಸೊಸಿ ಸುದ್ದಿ, ಗಂಡಂದಿರ ಸುದ್ದಿ, ಹೊಟ್ಟ್ಯಾಗಿಂದೆಲ್ಲಾ. ನಿನ್ನ ಮುಂದ ಏನ ಅನ್ನೂಣು? ನಿನ್ನ ಹೇಣ್ತಿ ಹ್ಯಾಂಗ ಮಾತಾಡತಾಳ ಗೊತ್ತೈತೇನು ನಿನಗ? ಆಕಿ ಒಬ್ಬೊಬ್ಬರಂಗ ಮಾಡಿ ತೋರಿಸಾಕ ಹತ್ತಿದ್ರ ನಕ್ಕ ನಕ್ಕ ಸೂಜಿ ಬೆರಳಿಗೆ ಚುಚ್ಚಿಕೋತೇವಿ ನಾವು.”

“ಸೌಮ್ಯಾ?”

“ಹೌದೋ, ಸೌಮ್ಯಾ. ಇಪ್ಪತ್ತ ವರ್ಷ ಸಂಸಾರ ಮಾಡಿ ಕೇಳ್ತಿಯಲ್ಲ! ಈಗ ನೋಡು, ಬಾಯಾಗ ನೀರ ತುಂಬಿಕೊಂಡವರಂಗ ಆಗ್ಯಾಳ.”

ಗಿರಣಿಯವನು ಕರೆದ. ಶಿವಯೋಗೀಶ ಬೆಚ್ಚಗಿನ ಹಿಟ್ಟಿನ ಚೀಲ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ. ಕೆಟ್ಟದೆನಿಸಿತು. ಕಾರ್ಖಾನೆ ಮುಚ್ಚಿದ ದಿನ ಇಷ್ಟು ಕೆಟ್ಟದೆನಿಸಿರಲಿಲ್ಲ. ಅಲ್ಲಿ ಇವನು ಬೇಡವಾದದ್ದಕ್ಕೆ ಕಾರಣ ಇತ್ತು, ಎಲ್ಲರೂ ಬೇಡವಾಗಿದ್ದರು. ಇಲ್ಲಿ ಸ್ವಂತ ಮನೆ, ಬೇಡವಾದವನು ಇವನೊಬ್ಬನೇ. ಮತ್ತು ಹಾಗೆ ಮಾಡಿ ತೋರಿಸುವ ಆ ಸೌಮ್ಯಾಳನ್ನು ಅವನು ಒಂದು ದಿನವೂ ಕಂಡಿರಲಿಲ್ಲ.

ಮರುದಿನ ಊಟ ಆದದ್ದೇ ಅಂಗಿ ಹಾಕಿಕೊಂಡ.

“ಎಲ್ಲಿಗೆ?” ಎಂದಳು ಸೌಮ್ಯಾ.

“ಅಮರಗೋಳದಾಗ ಒಬ್ಬರ್ನ ಕಾಣೂದೈತಿ. ಸಂಜಿಕ ಬರತೇನಿ. ದಿನಾ ಹೋಗಬೇಕಾಗಬಹುದು, ಈ ಹೊತ್ತಿನ್ಯಾಗ.” ಇಷ್ಟು ಹೇಳಿ, ಚಪ್ಪಲಿ ಮೆಟ್ಟುತ್ತ, “ಶರೀಫಾಬಿ ಅವರಿಗೆ ಹೇಳು. ಪಡಸಾಲಿ ಖಾಲಿನ ಇರತೈತಿ” ಎಂದ.

ಸೌಮ್ಯಾ ಅವನ ಬೆನ್ನನ್ನು ನೋಡುತ್ತ ನಿಂತಳು.

ಅಮರಗೋಳಕ್ಕೆ ಹೋದದ್ದು ನಿಜ. ಮಾರುಕಟ್ಟೆಯ ಅಂಗಳದಲ್ಲಿ ಮೆಣಸಿನಕಾಯಿ ಚೀಲದ ನೆರಳಿಗೆ ಕೂತ, ಸೀನಿದ, ಹಮಾಲರು ‘ಸರೀರಿ ಯಜಮಾನ್ರ’ ಎಂದು ಎಬ್ಬಿಸಿದರು. ಮರುದಿನ ಏಸಿಯ ಚಿಗರಿ ಬಸ್ಸು ಹತ್ತಿ ಧಾರವಾಡದವರೆಗೆ ತಂಪಾಗಿ ಹೋದ, ಇಳಿಯದೆ ಬರಲಿಕ್ಕೆ ಬರುತ್ತದೆಯೇ ಎಂದು ವಿಚಾರಿಸಿ, ಇಳಿದು ಮತ್ತೆ ಹತ್ತಿ ಬಂದ. ಉಣಕಲ್ಲ ಕೆರೆಯ ದಂಡೆಯಲ್ಲಿ ಕೂತರೆ ಸುತ್ತಲೂ ಜೋಡಿ ಜೋಡಿ ಹುಡುಗ ಹುಡುಗಿಯರು. ಅವರಿಗೂ ಮುಜುಗರ, ಇವನಿಗೂ. ಕೊನೆಗೆ ಒಂದು ದಿನ ಕಾಲು ಸೋತು ಓಣಿಯ ತುದಿಯ ಬೇವಿನ ಮರದ ಕಟ್ಟೆಯ ಹತ್ತಿರ ನಿಂತ.

ಆ ಕಟ್ಟೆಯ ಮೇಲೆ ಮಧ್ಯಾಹ್ನದ ಹೊತ್ತು ಒಂದಷ್ಟು ಗಂಡಸರು ಕೂತಿರುವುದನ್ನು ಅವನು ವರ್ಷಗಳಿಂದ ಕಂಡಿದ್ದ. ರಜೆಯ ದಿನ ಗಾಡಿಯ ಮೇಲೆ ಹಾದುಹೋಗುವಾಗ, ‘ಮಾಡಾಕ ಬ್ಯಾರೆ ಉದ್ಯೋಗಿಲ್ಲ ಇವರಿಗೆ’ ಎಂದು ಮನಸ್ಸಿನಲ್ಲಿ ಬೈದುಕೊಂಡೂ ಇದ್ದ. ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಸಿದ್ದಪ್ಪ ಕಾಕಾ ಇವನನ್ನು ಕಂಡು ಪಕ್ಕಕ್ಕೆ ಸರಿದ.

“ಬಾರೋ ಶಿವ್ಯೋಗಿ. ನಿನ್ನ ಸಂಬಂಧ ಜಾಗಾ ಹಿಡದಿಟ್ಟೇವಿ.”

“ನನ್ನ ಸಂಬಂಧ?”

“ನಿನ್ನ ಫ್ಯಾಕ್ಟರಿ ಬಂದ್ ಆದ ಸುದ್ದಿ ಬಂದಾಗಿಂದ. ಭಾಳ ತಡಾ ಮಾಡಿದಿ ನೋಡು.”

ಕೂತಿದ್ದವರು ನಕ್ಕರು. ಶಿವಯೋಗೀಶನೂ ಪೆಚ್ಚುಪೆಚ್ಚಾಗಿ ನಕ್ಕು ಕೂತ. ಏನಾದರೂ ಮಾತಾಡಬೇಕಲ್ಲ ಎಂದು, “ಇಲ್ಲಿ ಗಾಳಿ ಛಲೋ ಬರತೈತೇನ್ರಿ ಕಾಕಾ?” ಎಂದ.

“ಗಾಳಿ? ಮನ್ಯಾಗ ಇದಕ್ಕಿಂತ ಛಲೋ ಬರತೈತಲ್ಲೋ. ಫ್ಯಾನ್ ಐತಿ, ದಿವಾನ ಐತಿ, ಟಿವಿ ಐತಿ. ಆದ್ರ ಮನ್ಯಾಗ ಸೊಸಿ ಅದಾಳ. ಮುಂಜಾನಿಂದ ದುಡದಾಕಿ, ಮಧ್ಯಾಹ್ನ ಒಂದಿಷ್ಟು ಕಾಲ ಚಾಚಿ ಮಲಗಬೇಕು ಅನಸತೈತಿ. ಮಾವ ಎದರಿಗೆ ಕುಂತಿದ್ರ ಹ್ಯಾಂಗ ಮಲಗ್ಯಾಳು? ಬಾಯಿ ಬಿಟ್ಟ ಹೇಳಂಗಿಲ್ಲ ಪಾಪ. ನಾವ ತಿಳಕೊಂಡು ಏಳಬೇಕು.” ಕಾಕಾ ಪಕ್ಕದವನ ಕಡೆ ಕೈ ತೋರಿಸಿದ. “ಮಲ್ಲಿಕಸಾಬನ ಮನ್ಯಾಗ ಹೆಣ್ಮಕ್ಕಳು ಶಾವಿಗಿ ಮಾಡತಾರ. ಅಂವಾ ಒಳಗಿದ್ರ ಒಬ್ಬಾಕಿನೂ ಬರಂಗಿಲ್ಲ. ಇಲ್ಲಿ ಕುಂತವರೆಲ್ಲಾ ಹಿಂಗ ಬಂದವರ.”

ಮಲ್ಲಿಕಸಾಬ ಹೌದೆಂದು ತಲೆಯಾಡಿಸಿ, ಎಲೆ ಅಡಿಕೆಯ ಚಂಚಿಯನ್ನು ಶಿವಯೋಗೀಶನ ಕಡೆ ಚಾಚಿದ. ಎಂದೂ ಎಲೆ ಹಾಕದ ಶಿವಯೋಗೀಶ ಆವತ್ತು ಒಂದು ಹೋಳು ಅಡಿಕೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ.

ಕಟ್ಟೆಯ ವಿದ್ಯೆ ಒಂದೇ ದಿನಕ್ಕೆ ಬರುವಂಥದ್ದಲ್ಲ. ಮೊದಮೊದಲು ಮೊಬೈಲು ತೆಗೆದು ಹೊತ್ತು ನೋಡುತ್ತಿದ್ದ. ಹಾಗೆ ನೋಡಬಾರದು ಎಂದರು. ನೋಡಿದರೆ ಅದು ಅಲ್ಲೇ ನಿಲ್ಲುತ್ತದಂತೆ. ಬೆನ್ನನ್ನು ಮರಕ್ಕೆ ಹೇಗೆ ಕೊಡಬೇಕು, ನೆರಳು ಸರಿದಂತೆ ತಾನು ಹೇಗೆ ಸರಿಯಬೇಕು, ಲಾರಿಯ ಹಾರ್ನಿಗೆ ಎಚ್ಚರವಾಗದಂತೆ ಕೂತಲ್ಲೇ ಹೇಗೆ ಕಣ್ಣು ಮುಚ್ಚಬೇಕು, ಒಂದೊಂದಾಗಿ ಬಂತು. ಹೇಳಿದ ಕಥೆಯನ್ನೇ ಸಿದ್ದಪ್ಪ ಕಾಕಾ ಮತ್ತೆ ಹೇಳಿದರೆ ಹೊಸದೆಂಬಂತೆ ಕೇಳುವುದೂ ಬಂತು. ಎದುರಿಗೆ ಕೂತ ದಿನವನ್ನು ಏನು ಮಾಡಲಿ ಎಂದು ಕೇಳುವುದನ್ನು ಶಿವಯೋಗೀಶ ಯಾವಾಗ ಬಿಟ್ಟನೋ ಅವನಿಗೇ ತಿಳಿಯಲಿಲ್ಲ.

ಮನೆಯಲ್ಲಿ ಹೆಂಗಸರು ಕೌದಿಯನ್ನು ಮತ್ತೆ ಹಾಸಿದರು. ಸಂಜೆ ಬರುವಾಗ ಪಡಸಾಲೆಯ ಮೂಲೆಯಲ್ಲಿ ದಾರದ ತುಣುಕುಗಳು ಬಿದ್ದಿರುತ್ತಿದ್ದವು, ಸೌಮ್ಯಾಳ ಮುಖದಲ್ಲಿ ಆಗಷ್ಟೇ ನಿಂತ ನಗೆಯ ಕಳೆ ಇರುತ್ತಿತ್ತು. ರೊಟ್ಟಿ ಬಿಸಿಬಿಸಿ ಬೀಳುತ್ತಿತ್ತು, ಮೇಲೆ ಬೆಣ್ಣೆಯೂ. ಹೊಲಿಗೆಯ ಸುತ್ತುಗಳು ಅಂಚು ಬಿಟ್ಟು ನಡುವಿನ ಕಡೆ ನಡೆದಿದ್ದವು. ಇವನು ಅದನ್ನು ಸುತ್ತು ಹಾಕಿಕೊಂಡು ಬಚ್ಚಲಿಗೆ ಹೋಗುತ್ತಿದ್ದ, ತುಳಿಯದಂತೆ.

ಹೀಗಿರುವಾಗ ಕೆಲಸ ಸಿಕ್ಕಿತು. ಧಾರವಾಡದ ಆಚೆ, ಬೇಲೂರು ಎಂಬ ಕೈಗಾರಿಕಾ ಪ್ರದೇಶದ ಕಡೆ ಒಂದು ಕಾರ್ಖಾನೆ, ಅದೇ ಸ್ಟೋರಿನ ಕೆಲಸ. ಸೌಮ್ಯಾ ಕೇಳಿದ್ದೇ ಅಡಿಗೆಮನೆಗೆ ಓಡಿ ಸಕ್ಕರೆ ತಂದು ಅವನ ಬಾಯಿಗೂ ಮಗಳ ಬಾಯಿಗೂ ಹಾಕಿದಳು. ತಾನೂ ಹಾಕಿಕೊಳ್ಳುವಾಗ ಕೇಳಿದಳು.

“ಡ್ಯೂಟಿ ಎಷ್ಟೊತ್ತಿಗೆ?”

“ರಾತ್ರಿದೈತಿ. ಮುಂದ ಹಗಲಿಂದು ಕೊಡತೇವಿ ಅಂದಾರ. ಯಾವಾಗೋ ಏನೋ.”

“ಅಂದ್ರ ಹಗಲೆಲ್ಲಾ ಮಲಗಬೇಕು ನೀವು.”

“ಹೂಂ.”

ಸೌಮ್ಯಾಳ ಕೈ ಅಲ್ಲೇ ನಿಂತಿತು. ಅವಳ ಮುಖದಲ್ಲಿ ದೀಪ ಸಣ್ಣಗೆ ಮಾಡಿದಂತಾಯಿತು. ಅದನ್ನು ಶಿವಯೋಗೀಶ ಕಂಡ. ಹಿಂದಿನ ಶಿವಯೋಗೀಶ ಆಗಿದ್ದರೆ ಕಾಣುತ್ತಿರಲಿಲ್ಲ.

“ಛಲೋನ ಆತು. ಕೆಲಸ ಮುಖ್ಯ” ಎಂದಳು ಅವಳು. ಪಡಸಾಲೆಗೆ ಹೋಗಿ ಬಗ್ಗಿ ಡಬ್ಬಿಗಳನ್ನು ಎತ್ತಲಿಕ್ಕೆ ಶುರುಮಾಡಿದಳು. “ಈಗ ಎತ್ತಾಕ ಬರತೈತಿ. ನಡುವಿನ ಸುತ್ತ ಒಂದ ಉಳದೈತಿ. ಶರೀಫಾಬಿಗೆ ಕೊಟ್ಟ ಬರತೇನಿ, ಅವರ ಮನ್ಯಾಗ ಹ್ಯಾಂಗರ ಮುಗಸ್ತಾರ. ಮುಂದಿಂದು ಮುಂದ ನೋಡಿದ್ರಾತು.”

“ಕೊಡಬ್ಯಾಡ.”

“ಮತ್ತೇನ್ರಿ? ರಾತ್ರಿ ನಿದ್ದಿಗೆಟ್ಟ ಬಂದಿರತೀರಿ. ಈ ಹೆಂಗಸರ ಬಾಯಿ ನಿಮಗ ಗೊತ್ತಿಲ್ಲ.”

“ಗೊತ್ತಿಲ್ಲ. ಆದ್ರ ಲಾರಿ ಹಾರ್ನಿನ್ಯಾಗ ಕುಂತಲ್ಲೆ ಮಲಗೂದು ಕಲತೇನಿ ನಾನು, ಕಟ್ಟಿ ಮ್ಯಾಲ.”

“ಕಟ್ಟಿ ಮ್ಯಾಲ ಕುಂದ್ರತಿದ್ರಿ ಅಂತ ಗೊತ್ತೈತಿ ನನಗ” ಎಂದಳು ಸೌಮ್ಯಾ, ಕೌದಿಯ ಅಂಚು ಸರಿಮಾಡುತ್ತ. “ದುರಗವ್ವ ಮೊದಲನೇ ದಿವಸ ಹೇಳಿದ್ಲು. ಸುಮ್ಮನಿದ್ದೆ.”

“ಮತ್ತ ಈಗೂ ಸುಮ್ಮನಿರು. ನಾ ಒಳಗಿನ ಖೋಲ್ಯಾಗ ಮಲಗತೇನಿ, ನೀವು ಇಲ್ಲಿ ಹೊಲೀರಿ.”

“ನೀವು ಒಳಗದೀರಿ ಅಂತ ಗೊತ್ತಾದ್ರ ಅವರು ಬಾಯಿ ಬಿಡಂಗಿಲ್ಲರಿ. ಮಲಗಿದ್ರೂ ಅಷ್ಟ, ಎದ್ದಿದ್ರೂ ಅಷ್ಟ. ಗಂಡಸು ಗಂಡಸ.”

ಗಂಡಸಾಗಿ ಹುಟ್ಟಿದ್ದಕ್ಕೆ ಸ್ಟೋರಿನ ಪದ್ಧತಿಯಲ್ಲಿ ಪರಿಹಾರ ಇರಲಿಲ್ಲ. ಕೌದಿ ಮಾತ್ರ ಆ ರಾತ್ರಿ ಶರೀಫಾಬಿಯ ಮನೆಗೆ ಹೋಗಲಿಲ್ಲ.

ಮೊದಲನೆಯ ಪಾಳಿ ಮುಗಿಸಿ ಬೆಳಿಗ್ಗೆ ಬಂದ. ಸ್ನಾನ ಮಾಡಿದ, ಪೂಜೆಯನ್ನು ಲಗೂ ಮುಗಿಸಿದ, ರೊಟ್ಟಿ ತಿಂದು ಒಳಗಿನ ಕೋಣೆಯಲ್ಲಿ ಮಲಗಿದ. ಸೌಮ್ಯಾ ಕಿಟಕಿಗೆ ಪರದೆ ಎಳೆದಳು, ಫ್ಯಾನು ಹಚ್ಚಿದಳು, ಹೊದಿಕೆ ಸರಿಮಾಡಿದಳು, ಬಾಗಿಲು ಮುಂದಕ್ಕೆ ಮಾಡಿಕೊಂಡು ಹೋದಳು. ಒಂದು ಜೊಂಪು ಹತ್ತಿತು. ಊಟದ ಹೊತ್ತು ಮೀರಿದ ಮೇಲೆ ಎಚ್ಚರವಾಯಿತು, ಮತ್ತೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿಕೊಂಡೇ ಬಿದ್ದಿದ್ದ.

ಹೊಸ್ತಿಲಲ್ಲಿ ಬಳೆಯ ಸಪ್ಪಳ. ಶರೀಫಾಬಿಯ ದನಿ, ಮೆಲ್ಲಗೆ.

“ಸೌಮ್ಯಾ ಅಕ್ಕಾ, ಹುಡುಗಿಗೆ ಬ್ಯಾನಿ ಸುರು ಆಗ್ಯಾವು, ಆಕಿ ಅತ್ತಿ, ಗಂಡಸೂರು ಕೂಡಿ ದವಾಖಾನಿಗೆ ಕರಕೊಂಡ ಹೋಗ್ಯಾರ, ಕೌದಿ ತಗೊಂಡ ನಾ ಹಿಂದಿಂದ ಹೋಗತೇನಿ. ನಡುವಿನ ಸುತ್ತ ಇವತ್ತ ಮುಗಸಬೇಕಿತ್ತು. ಅಣ್ಣಾರು…?”

ಶಿವಯೋಗೀಶ ಕಿವಿಗೊಟ್ಟು ಕಾದ. ಈಗ ಬರುವ ಮಾತು ಅವನಿಗೆ ಗೊತ್ತಿತ್ತು. ಮಲಗ್ಯಾರ, ಮೆಲ್ಲಕ ಮಾತಾಡ್ರಿ ಅನ್ನುತ್ತಾಳೆ. ಇಲ್ಲವೇ, ಒಯ್ದು ನಿಮ್ಮ ಮನ್ಯಾಗ ಮುಗಸ್ರಿ ಅನ್ನುತ್ತಾಳೆ. ಹಾಗೆ ಅಂದರೆ ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋಗಬೇಕು ಎಂದು ಒಂದು ಕಾಲು ಕೆಳಗೂ ಇಟ್ಟಿದ್ದ.

“ಬರ್ರಿ ಬರ್ರಿ” ಎಂದಳು ಸೌಮ್ಯಾ, ಗಟ್ಟಿಯಾಗಿ, ನಿರಾಳವಾಗಿ. “ಮನ್ಯಾಗ ಯಾರೂ ಇಲ್ಲ.”

ಕೌದಿ ಹಾಸಿದ ಸಪ್ಪಳ ಕೇಳಿಸಿತು. ದುರಗವ್ವ ಬಂದಳು, ಸೊಸೆಯನ್ನು ಮನಸಾರೆ ಬೈದಳು. ಶರೀಫಾಬಿ ಅಳುವ ದನಿಯಲ್ಲಿ ಮಗಳ ಸುದ್ದಿ ಹೇಳಿದಳು, ಅವಳಿಗೆ ಎಲ್ಲರೂ ಧೈರ್ಯ ಹೇಳಿದರು. ಆಮೇಲೆ ಯಾರೋ ಒಬ್ಬಳು ದವಾಖಾನೆಯ ಹೊರಗೆ ಶತಪಥ ಹಾಕುವ ಗಂಡಸರ ಹಾಗೆ, ಗಂಟಲು ದಪ್ಪ ಮಾಡಿ, ‘ಇನ್ನೂ ಎಷ್ಟೊತ್ರಿ ಡಾಕ್ಟರ್ರ’ ಎಂದು ಮಾಡಿ ತೋರಿಸಿದಳು. ಅಳುತ್ತಿದ್ದ ಶರೀಫಾಬಿಯೇ ಮೊದಲು ನಕ್ಕಳು. ಪಡಸಾಲೆ ತುಂಬ ನಗೆ ಎದ್ದಿತು. ಆ ದನಿ ಯಾರದು ಎಂದು ಶಿವಯೋಗೀಶನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಅವನಿಗೂ ನಗು ಒತ್ತಿಕೊಂಡು ಬಂತು, ನಗುವಿನ ಬೆನ್ನಿಗೆ ಕೆಮ್ಮು.

ಒಂದು ಕೆಮ್ಮು ಸಾಕು. ಮನೆಯಲ್ಲಿ ಗಂಡಸು ಇದ್ದಾನೆ ಎಂದು ತಿಳಿಸಲಿಕ್ಕೆ ಅವನ ಅಪ್ಪ, ಅಜ್ಜ ಎಲ್ಲರೂ ಮಾಡಿದ್ದು ಅದನ್ನೇ. ಕೆಮ್ಮಿದರೆ ಸೆರಗುಗಳು ತಲೆಗೆ ಏರುತ್ತವೆ, ಮಾತು ನಿಲ್ಲುತ್ತದೆ, ಅವನು ಆ ಮನೆಯ ಯಜಮಾನ ಆಗುತ್ತಾನೆ. ಶಿವಯೋಗೀಶ ಹೊದಿಕೆಯ ತುದಿಯನ್ನು ಬಾಯಿಗೆ ತುರುಕಿಕೊಂಡ. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮನ್ನು ನುಂಗಿದ. ಆಮೇಲೆ ಮಂಚ ಸಪ್ಪಳ ಮಾಡದಂತೆ ಗೋಡೆಯ ಕಡೆ ಹೊರಳಿ ಮಲಗಿದ.